ಚದುರಂಗದ ಮಣೆಯೂ ಅದರ ಆಡಳಿತವೂ

ಚದುರಂಗವು ಭರತಖಂಡದಲ್ಲಿ ಹುಟ್ಟಿದ ಆಟವೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಸಾವಿರ ವರ್ಷಗಳಿಗೂ ಹಳೆಯದಾದ ಈ ಆಟವನ್ನು ದೇಶದಲ್ಲೆಲ್ಲ ಕ್ರಮಪಡಿಸತಕ್ಕ ಅಖಿಲ ಭಾರತ ಚೆಸ್ ಫೆಡರೇಷನ್ ಎಂಬ ಸಂಸ್ಥೆ ಮದರಾಸಿನಲ್ಲಿ ಏರ್ಪಟ್ಟುದು 1951ರಷ್ಟು ಈಚೆಗೆ.

ಮಣೆ ಒಂದೇ ಆಗಿದ್ದರೂ ನಮ್ಮಲ್ಲಿ ನಿಯಮವು ಒಂದಾಗಿರಲಿಲ್ಲ. ಪಾಶ್ಚಾತ್ಯರ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲಿ ಎರಡು ಮನೆ ಮುಂದುವರಿಯಬಹುದು; ನಮ್ಮ ಕಾಲಾಳಿಗೆ ಒಂದೇ ಮನೆ. ಅಲ್ಲಿ ರಾಜನು ಆನೆಯೊಡನೆ ಸ್ಥಾನ ಬದಲಿಸಿ ಕೋಟೆ ಸೇರುತ್ತಾನೆ. ಇಲ್ಲಿ ರಾಜನು ಶಹ ಬೀಳದಿರುವಾಗ ಒಂದು ಸಲ ಕುದುರೆಯಂತೆ ನೆಗೆಯುತ್ತಿದ್ದನು. ಕೊನೆಯ ಸಾಲನ್ನು ಮುಟ್ಟಿದ ಕಾಲಾಳು ಅಲ್ಲಿ ಬೇಕಾದ ಬಲವಾಗಬಹುದು. ಇಲ್ಲಿ ತಾನು ಸೇರಿದ ಮನೆ ಯಾವ ಬಲದ್ದೋ ಆ ಬಲವೇ ಆಗಬೇಕು. ಇವೂ ಪ್ರಾಂತದಿಂದ ಪ್ರಾಂತಕ್ಕೆ ಬೇರೆಯಾಗುತ್ತಿದ್ದುವು. ಹೀಗಿರುವಾಗ ದೇಶಕ್ಕೆಲ್ಲ ಒಬ್ಬ ವಿಜಯಿಯನ್ನು ಗೊತ್ತುಮಾಡುವ ಬಗೆ ಹೇಗೆ?

ಪಂಜಾಬಿನ ಮೀರ್ ಸುಲ್ತಾನ್ ಖಾನರ ಕಥೆ ಇಲ್ಲಿ ಸ್ಮರಣೀಯ. ದೇಶೀಯ ಕ್ರಮದಲ್ಲಿ ಆಟ ಕಲಿತ ಇವರು ತಮ್ಮ ಆಶ್ರಯದಾತರಾದ ಸರ್ ಉಮರ್ ಹಯಾತ್ ಖಾನರೊಡನೆ ಲಂಡನ್ನಿಗೆ ಹೋಗಿ, 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಕಾಪಬ್ಲಾಂಕಾರಂಥ ಮಹಾಪಟುವನ್ನೂ ಸೋಲಿಸಿದರು. ಆಶ್ರಯದಾತರು ಸ್ವದೇಶಕ್ಕೆ ಮರಳಿದಾಗ ಇವರೂ ಮರಳಿದರು. ಅಲ್ಲಿಗೆ ಇವರ ಅಂತರರಾಷ್ಟ್ರೀಯ ಆಟವು ಮುಗಿಯಿತು. ಒಬ್ಬ ಶ್ರೀಮಂತರ ಪಯಣವನ್ನು ಅವಲಂಬಿಸಿದ ಪ್ರತಿಭೆಗೆ ಬೇರೆ ಗತಿ ಏನಿದ್ದೀತು! 1966ರಲ್ಲಿ ತೀರಿಕೊಂಡ ಇವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ದೊರೆತುದು 2024ರಲ್ಲಿ.

ಫೆಡರೇಷನ್ನಿನ ಕಾಲದಲ್ಲಿ ಮೊದಲ ರಾಷ್ಟ್ರೀಯ ಪಂದ್ಯವು 1955ರಲ್ಲಿ ಆಂಧ್ರದ ಏಲೂರಿನಲ್ಲಿ ನಡೆದು, ರಾಮಚಂದ್ರ ಸಪ್ರೆ ಮತ್ತು ಡಿ. ವೆಂಕಯ್ಯ ಇಬ್ಬರೂ ಪ್ರಶಸ್ತಿಯನ್ನು ಹಂಚಿಕೊಂಡರು. ಮುಂದೆ ಒಂಬತ್ತು ಬಾರಿ ಗೆದ್ದ ಮ್ಯಾನ್ಯುಯಲ್ ಆರನ್ನರು 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು.

ಸ್ತ್ರೀಯರ ಮೊದಲ ರಾಷ್ಟ್ರೀಯ ಪಂದ್ಯವು 1974ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಗೆದ್ದವರು ವಾಸಂತಿ ಖಾಡಿಲ್ಕರ್. ಎರಡು ವರ್ಷಗಳ ತರುವಾಯ ಅವರ ತಂಗಿ ರೋಹಿಣಿ, ಇನ್ನೂ ಹದಿಮೂರರ ಬಾಲಿಕೆ, ಪುರುಷರ ಪಂದ್ಯದಲ್ಲಿ ಆಡಹೊರಟಾಗ ದೊಡ್ಡ ಗದ್ದಲವೆದ್ದಿತು. ವ್ಯಾಜ್ಯವು ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ಸ್ತ್ರೀಯರನ್ನು ಇಂಥ ಪಂದ್ಯಗಳಿಂದ ಹೊರಗಿಡಲಾಗದೆಂದು ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷರಾದ ಮ್ಯಾಕ್ಸ್ ಯೂವೆಯವರು ನಿರ್ಣಯವಿತ್ತರು. ಮಣೆಯ ಮೇಲೆ ಮಂತ್ರಿಯನ್ನು ರಾಣಿಯೆಂದು ಕರೆದು ಸರ್ವಾಧಿಕಾರ ಕೊಟ್ಟವರು ಮಣೆಯ ಮುಂದೆ ಹುಡುಗಿಯೊಬ್ಬಳು ಕುಳಿತರೆ ಬೆದರಿದುದು ನಮಗೆ ವಿಚಿತ್ರವಾಗಿ ತೋರುತ್ತದೆ.

ಆನಂದರು 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದುದನ್ನೂ, 2024ರ ಒಲಿಂಪಿಯಾಡಿನಲ್ಲಿ ನಮ್ಮ ಎರಡು ತಂಡಗಳೂ ಚಿನ್ನ ಗೆದ್ದುದನ್ನೂ ಎಲ್ಲರೂ ಬಲ್ಲರು. ಅಷ್ಟಾಗಿ ತಿಳಿಯದಿರುವುದು ಇನ್ನೊಂದು. ತನ್ನ ಅಪ್ಪಣೆಯಿಲ್ಲದ ಪಂದ್ಯಗಳಲ್ಲಿ ಆಡಿದ ಆಟಗಾರರನ್ನು ಫೆಡರೇಷನ್ ಬಹಿಷ್ಕರಿಸುತ್ತಿತ್ತು. ಬಾಧಿತರು ಸ್ಪರ್ಧಾ ಆಯೋಗಕ್ಕೆ ದೂರಿತ್ತರು. ಸಂಸ್ಥೆಯು ತನ್ನ ಪ್ರಾಬಲ್ಯವನ್ನು ದುರುಪಯೋಗಪಡಿಸಿತೆಂದು ಆಯೋಗವು 2018ರಲ್ಲಿ ತೀರ್ಮಾನಿಸಿ 6.92 ಲಕ್ಷ ರೂಪಾಯಿ ದಂಡ ವಿಧಿಸಿತು. ಒಂದೇ ನಿಯಮವನ್ನು ತರುವುದಕ್ಕೆ ಒಂದೇ ಸಂಸ್ಥೆ ಬೇಕೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಆಟವಾಡಿದ್ದೇ ಆಟಗಾರನ ಅಪರಾಧವಾಗುವುದನ್ನು ಒಪ್ಪಲಾರೆವು.