ಹೆಗಲ ಮೇಲಿನ ಗೂಬೆಯ ಉಚ್ಚಾಟನೆ

ಪ್ರಶ್ನೆ: ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದಲ್ಲಿ ಎದುರಾಳಿ ಮಾಂತ್ರಿಕನ ಹೆಗಲ ಮೇಲಿನ ಗೂಬೆ ನಿಜಕ್ಕೂ ಒಂದು ಆತ್ಮವಂತೆ. ಅದನ್ನು ಅದರ ಲೋಕಕ್ಕೆ ಉಚ್ಚಾಟಿಸಬಹುದೆ?

ಉತ್ತರ: ಉಚ್ಚಾಟಿಸಬಹುದು, ಆದರೆ ದಂಡದ ಕೆಲಸ. 2014ರ ನಿಯಮಪುಸ್ತಕದ ಪ್ರಕಾರ ಅದು ಗೂಬೆಯ ರೂಪ ತಳೆದ ದೈವ, ಯಕ್ಷ ಇಲ್ಲವೇ ಪಿಶಾಚಿ ಕುಲದ ಜೀವಿ. ಅದು ಬೇರೆ ಲೋಕದ್ದೆಂದು ಆಟ ನಡೆಸುವವರು ಒಪ್ಪಿದರೆ ನಾಲ್ಕನೇ ಹಂತದ ‘ಬ್ಯಾನಿಶ್‌ಮೆಂಟ್’ ಮಂತ್ರ ಹಾಕಿ. ಗೂಬೆಯ ಪರವಾಗಿ ದಾಳ ಉರುಳುತ್ತದೆ. ಅದರ ವರ್ಚಸ್ಸಿನ ಅಂಕ ಬರೀ 7 ಆದ್ದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ನಿಮ್ಮ ಏಕಾಗ್ರತೆ ಮಾತ್ರ ಪೂರ್ತಿ ಒಂದು ನಿಮಿಷ ಉಳಿಯಬೇಕು. ನಡುವೆ ಯಾರಾದರೂ ಹೊಡೆದು ಕೆಡಿಸಿದರೆ ಗೂಬೆ ಹೋದ ಜಾಗದಲ್ಲೇ ಮತ್ತೆ ಪ್ರತ್ಯಕ್ಷ! ‘ಡಿಸ್ಪೆಲ್ ಮ್ಯಾಜಿಕ್’ ನಾಟದು: ಕರೆಸಿದ ಮಂತ್ರದ ಕೆಲಸ ಆ ಕ್ಷಣಕ್ಕೇ ಮುಗಿದಿರುತ್ತದೆ, ಅಳಿಸಲು ಏನೂ ಉಳಿದಿರುವುದಿಲ್ಲ.

ಇಷ್ಟೆಲ್ಲ ಯಾಕೆ? ಗೂಬೆಗಿರುವುದು ಒಂದೇ ಒಂದು ಜೀವಾಂಕ. ಬಾಣ ತಗುಲಿದರೆ ಮಾಯ. ಹೇಗೆ ಹೋದರೂ ಯಜಮಾನ 10 ಚಿನ್ನದ ನಾಣ್ಯ ಬೆಲೆಯ ಇದ್ದಿಲು, ಧೂಪ, ಮೂಲಿಕೆಗಳನ್ನು ಹಿತ್ತಾಳೆಯ ಅಗ್ಗಿಷ್ಟಿಕೆಯಲ್ಲಿ ಉರಿಸಿ, ಒಂದು ಗಂಟೆ ಕೂತು ಮತ್ತೆ ಕರೆಸಿಕೊಳ್ಳುತ್ತಾನೆ. ಆ ದೊಡ್ಡ ಮಂತ್ರವನ್ನು ಯಜಮಾನನ ಮೇಲೇ ಹಾಕಿ.