ಕಿರೀಟಕ್ಕೆ ಮೊದಲು ಅಳತೆ

ನಿಮ್ಮ ಮನೆಯ ಮಗು ಕೋದಂಡರಾಮನ ಚಿತ್ರ ಬರೆಯಲು ಕುಳಿತದ್ದನ್ನು ನೀವು ನೋಡಿರಬಹುದು. ಮೊದಲು ಕಿರೀಟ, ಆಮೇಲೆ ಕಣ್ಣು, ಹಾರ, ಭುಜಕೀರ್ತಿ. ಹಾಳೆಯ ಮುಕ್ಕಾಲು ಪಾಲು ಅಷ್ಟಕ್ಕೇ ಮುಗಿಯುತ್ತದೆ. ಉಳಿದ ಚೂರಿನಲ್ಲಿ ಕಾಲುಗಳು ಮುದುಡಿಕೊಳ್ಳುತ್ತವೆ. ಹಿರಿಯರು ನಗುತ್ತಾರೆ, ಮಗು "ನನಗೆ ಚಿತ್ರ ಬರುವುದಿಲ್ಲ" ಎಂದು ಪೆನ್ಸಿಲನ್ನು ಕೆಳಗಿಡುತ್ತದೆ. ಎಷ್ಟೋ ಕೈಗಳು ಹೀಗೆಯೇ ನಿಂತುಹೋಗಿವೆ. ಕೊರತೆ ಇರುವುದು ಕೈಯಲ್ಲಲ್ಲ, ಕ್ರಮದಲ್ಲಿ.

ನಮ್ಮ ಶಿಲ್ಪಿಗಳು ಈ ಕ್ರಮವನ್ನು ತಾಳಮಾನವೆಂದರು. ನಿಮ್ಮ ಕೈಯನ್ನು ಮುಖದ ಮೇಲಿಟ್ಟು ನೋಡಿ. ಮಣಿಕಟ್ಟು ಗದ್ದಕ್ಕೆ ತಾಗಿದರೆ ನಡುಬೆರಳಿನ ತುದಿ ಹೆಚ್ಚುಕಡಿಮೆ ಕೂದಲು ಹುಟ್ಟುವ ಎಡೆಗೆ ಬರುತ್ತದೆ. ಇದೇ ಒಂದು ತಾಳ. ಅದರಲ್ಲಿ 12 ಅಂಗುಲ. ಈ ಅಂಗುಲ ಅಂಗಡಿಯ ಅಳತೆಪಟ್ಟಿಯದಲ್ಲ, ಆ ಮೂರ್ತಿಯ ಮುಖದ ಹನ್ನೆರಡರಲ್ಲಿ ಒಂದು ಪಾಲು. ಆದ್ದರಿಂದ ವಿಗ್ರಹ ಗೇಣುದ್ದವಿರಲಿ, ಆಳೆತ್ತರವಿರಲಿ, ಲೆಕ್ಕ ಕೆಡುವುದಿಲ್ಲ. ನವತಾಳದ ದೇವತೆಗೆ 108 ಅಂಗುಲ. ಗಣಪತಿಗೆ ಐದೇ ತಾಳ. ನಮ್ಮ ಕಣ್ಣಿಗೆ ಆತ ಮಗುವಿನಂತೆ ಮುದ್ದಾಗಿ ಕಾಣುವುದು ಬಹುಮಟ್ಟಿಗೆ ಇದರಿಂದಲೇ.

ಅಳತೆಯಾದ ಮೇಲೆ ತೂಕ. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೆನೆಯಿರಿ. ಸೊಂಟ ಒಂದು ಕಡೆಗೆ, ಹೆಗಲು ಇನ್ನೊಂದು ಕಡೆಗೆ ಬಾಗಿದ್ದರೂ ಬಿದ್ದಾರೆಂಬ ಭಯ ನಮಗಾಗದು. ಒಂದೇ ಕಾಲಿನ ಮೇಲೆ ಭಾರವಿಟ್ಟು ನಿಂತವರ ಕೊರಳ ಕುಳಿಯಿಂದ ಕಲ್ಲು ಕಟ್ಟಿದ ದಾರವನ್ನು ಇಳಿಬಿಟ್ಟರೆ, ಅದು ಆ ಪಾದದ ಬಳಿಗೇ ಬರುತ್ತದೆ.

ಕಥೆಯ ಚಿತ್ರಗಾರನಿಗೂ ಇದೇ ಆಧಾರ. ರನ್ನನ 'ಗದಾಯುದ್ಧ'ವನ್ನು ಓದಿ ಚಿತ್ರಿಸಹೊರಟವನ ಮುಂದೆ ಇಬ್ಬರು ಗದಾಧಾರಿಗಳು ನಿಲ್ಲುತ್ತಾರೆ. ಮುಂಗಾಲಿಗೆ ಭಾರ ಹಾಕಿದವನು ಮೇಲೇರಿ ಬರುವವನು. ಹಿಂಗಾಲಿಗೆ ಹಾಕಿದವನು ಪೆಟ್ಟನ್ನು ಕಾಯುವವನು. 'ಚಂದಮಾಮ'ದ ಮುಖಪುಟಗಳಿಗೆ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಚಿತ್ರಗಳನ್ನಾಗಲಿ, 1967ರಲ್ಲಿ ಆರಂಭವಾದ 'ಅಮರ ಚಿತ್ರ ಕಥೆ'ಯ ಪುಟಗಳನ್ನಾಗಲಿ ಈ ಕಣ್ಣಿನಿಂದ ನೋಡಿ. ಚಿತ್ರಕಥೆಯಲ್ಲಿ ಭೀಮ ಬೆನ್ನು ತಿರುಗಿಸಿ ನಿಂತರೂ ಗುರುತು ಸಿಗಬೇಕು; ಚೌಕಟ್ಟಿನಿಂದ ಚೌಕಟ್ಟಿಗೆ ಅವನ ಅಳತೆ ಬದಲಾದರೆ ಸಿಗದು.

ಮನೆಯ ಅಭ್ಯಾಸಕ್ಕೆ ಇನ್ನೂ ಸುಲಭವಾದ ದಾರಿಯಿದೆ. ಇಲ್ಲಿ ನೆತ್ತಿಯಿಂದ ಗದ್ದದವರೆಗಿನ ಇಡೀ ತಲೆಯೇ ಅಳತೆ. ನಿಲುವುಗೆರೆಯೊಂದನ್ನು ಎಳೆದು ಎಂಟು ಸಮಪಾಲು ಮಾಡಿಸಿ. ಮೊದಲನೆಯದು ತಲೆ, ಮೂರನೆಯದರ ಕೊನೆಗೆ ಹೊಕ್ಕುಳು, ನಾಲ್ಕನೆಯದರ ಕೊನೆಗೆ ತೊಡೆಯ ಮೂಲ, ಆರನೆಯದರ ಕೊನೆಗೆ ಮಂಡಿ. ಸಾಮಾನ್ಯರ ಎತ್ತರ ಸುಮಾರು ಏಳೂವರೆ ತಲೆ. ವೀರನಿಗೆ ಎಂಟು ಇರಲಿ.

ಆಮೇಲೆ ನೀವೇ ರೇಡಿಯೋ ಪಕ್ಕದಲ್ಲಿ ಒಂದು ಕಾಲಿಗೆ ಭಾರ ಕೊಟ್ಟು ಐದು ನಿಮಿಷ ನಿಲ್ಲಿ. ಮಗು ನಿಮ್ಮನ್ನು ನೋಡಿ ಬರೆಯಲಿ. ಕಿರೀಟವನ್ನು ಕೊನೆಗೆ ಇಟ್ಟರಾಯಿತು.