ಲೈಂಗಿಕ ಶಿಕ್ಷಣ ಕೊಟ್ಟರೆ ಮಕ್ಕಳು ಕೆಡುತ್ತಾರಾ? ಶಾಲೆಯ ಪಾಠದಲ್ಲಿ ಬಿಟ್ಟುಹೋಗುತ್ತಿರುವುದೇನು?

ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಶುರುವಾದರೆ ಮಕ್ಕಳು ದಾರಿ ತಪ್ಪುತ್ತಾರೆ, ನಮ್ಮ ಸಂಸ್ಕೃತಿ ಹಾಳಾಗುತ್ತದೆ ಎನ್ನುವ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ.

ಈ ಭಯ ಹೊಸದೇನಲ್ಲ. ಕೇಂದ್ರ ಸರ್ಕಾರ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಸೇರಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದಾಗ, 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಅದನ್ನು ತಡೆಹಿಡಿದವು. ಚಿತ್ರಗಳು ಅಶ್ಲೀಲ, ವಿಷಯ ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಎಂಬುದು ಆಗಿನ ಆಕ್ಷೇಪ.

ಆದರೆ ಪಾಠ ಕೇಳಿದ ಮಕ್ಕಳು ನಿಜವಾಗಿ ಹಾಗಾದರೇ? ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿದ ಯುನೆಸ್ಕೊ, ತನ್ನ 2018ರ ಮಾರ್ಗಸೂಚಿಯಲ್ಲಿ ಇಲ್ಲ ಎಂದಿದೆ. ಇಂಥ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ. ನಮ್ಮ ಸುಪ್ರೀಂ ಕೋರ್ಟ್ ಕೂಡ 2024ರ ಸೆಪ್ಟೆಂಬರ್‌ನಲ್ಲಿ, ಮಕ್ಕಳ ಅಶ್ಲೀಲ ದೃಶ್ಯಗಳ ಕುರಿತ ತೀರ್ಪಿನಲ್ಲಿ, ಇದನ್ನು ತಪ್ಪು ಕಲ್ಪನೆ ಎಂದೇ ಕರೆಯಿತು.

ಹಾಗಾದರೆ ಈಗ ಪಾಠವೇ ಇಲ್ಲವೇ? ಇದೆ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವಿದೆ. ಅಂಡಾಶಯ, ವೃಷಣ, ಗರ್ಭಾಶಯದ ಚಿತ್ರಗಳಿವೆ, ಗರ್ಭನಿರೋಧಕಗಳ ಮಾತೂ ಇದೆ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬರುವ ವರ್ಣತಂತುವಿನಿಂದ ತೀರ್ಮಾನವಾಗುತ್ತದೆ ಎಂಬುದನ್ನೂ ಅದೇ ಪುಸ್ತಕ ಹೇಳುತ್ತದೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳಲ್ಲಿ ಆ ಪುಟವನ್ನು ಗಟ್ಟಿಯಾಗಿ ಓದಿಸಬೇಕು! ಆದರೆ ಎಷ್ಟೋ ತರಗತಿಗಳಲ್ಲಿ ಈ ಅಧ್ಯಾಯಕ್ಕೆ ಸಿಗುವುದು "ಮನೆಯಲ್ಲಿ ಓದಿಕೊಳ್ಳಿ" ಎಂಬ ಒಂದು ಮಾತು. ಚಿತ್ರ ಬಿಡಿಸಿ ಭಾಗ ಗುರುತಿಸಿದರೆ ಅಂಕ ಬರುತ್ತದೆ, ಅಲ್ಲಿಗೆ ಮುಗಿಯಿತು.

ಪಾಠ ಬರುವ ಹೊತ್ತೂ ತಡವೇ. ಹದಿಹರೆಯದ ಬದಲಾವಣೆಗಳ ವಿಷಯ ಬರುವುದು ಸುಮಾರು ಎಂಟನೇ ತರಗತಿಗೆ. ಅಷ್ಟರೊಳಗೆ ಅನೇಕ ಹುಡುಗಿಯರಿಗೆ ಮುಟ್ಟು ಶುರುವಾಗಿರುತ್ತದೆ. ಕೆಲವರಿಗೆ ಹತ್ತನೇ ವಯಸ್ಸಿಗೇ. ಬಟ್ಟೆಯ ಮೇಲೆ ರಕ್ತ ಕಂಡು ಏನೋ ಕಾಯಿಲೆ ಬಂತೆಂದು ಹೆದರುವ ಮಗುವಿಗೆ ಮೂರು ವರ್ಷ ಬಿಟ್ಟು ಬರುವ ಪಾಠದಿಂದ ಏನು ಪ್ರಯೋಜನ?

ಹುಡುಗರ ಪಾಡು ಇನ್ನೊಂದು ಬಗೆ. ಅವರೊಂದಿಗೆ ಯಾರೂ ಮಾತಾಡುವುದೇ ಇಲ್ಲ. ನಿದ್ದೆಯಲ್ಲಿ ವೀರ್ಯ ಹೋಗುವುದು ಸಹಜ ಎಂದು ಹೇಳುವವರಿಲ್ಲದಾಗ, ಗೋಡೆ ಮೇಲಿನ "ಧಾತು ದೌರ್ಬಲ್ಯ" ಜಾಹೀರಾತೇ ಮೇಷ್ಟ್ರಾಗುತ್ತದೆ. ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ಬೇಕು ಎಂಬ ಲೆಕ್ಕ ಶುದ್ಧ ಸುಳ್ಳು. ವೀರ್ಯದ ಬಹುಪಾಲು ಕೆಲವು ಗ್ರಂಥಿಗಳ ಸ್ರಾವ, ವೀರ್ಯಾಣುಗಳು ದೇಹದಲ್ಲಿ ಸದಾ ಹುಟ್ಟುತ್ತಲೇ ಇರುತ್ತವೆ. ಅದು ಹೋದರೆ ನಿಶ್ಶಕ್ತಿ ಬರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಸುರಕ್ಷತೆಯದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ ಅಧ್ಯಯನದಲ್ಲಿ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಹೌದು, ರಾಜ್ಯಗಳು ಪಾಠ ತಡೆಹಿಡಿದ ಅದೇ ವರ್ಷ. ಪೋಕ್ಸೊ ಪ್ರಕರಣಗಳಲ್ಲಿ ಆರೋಪಿ ಹೆಚ್ಚಾಗಿ ಮಗುವಿಗೆ ಪರಿಚಿತನೇ ಆಗಿರುತ್ತಾನೆ: ನೆಂಟ, ನೆರೆಯವ, ಮನೆಗೆ ಬಂದುಹೋಗುವವ.

ಈಗ ಅನೇಕ ಶಾಲೆಗಳಲ್ಲಿ "ಗುಡ್ ಟಚ್, ಬ್ಯಾಡ್ ಟಚ್" ಹೇಳಿಕೊಡುತ್ತಾರೆ. ಒಳ್ಳೆಯದೇ, ಆದರೆ ಸಾಲದು. ಇಂಥವರು ಮೊದಲು ಚಾಕೊಲೇಟು, ಮೊಬೈಲು, ಮುದ್ದಿನ ಮಾತಿನಿಂದ ಹತ್ತಿರವಾಗುತ್ತಾರೆ. ಆ ಸ್ಪರ್ಶ ಮಗುವಿಗೆ "ಬ್ಯಾಡ್" ಅನ್ನಿಸದೆಯೂ ಇರಬಹುದು. ಹಾಗಾಗಿ "ಅಮ್ಮನಿಗೆ ಹೇಳಬೇಡ" ಎಂದು ಯಾರೇ ಗುಟ್ಟು ಮಾಡಿಸಿದರೂ ಬಂದು ಹೇಳಬೇಕು, ಹೇಳಿದರೆ ಬೈಯುವುದಿಲ್ಲ ಎಂಬುದು ಮಗುವಿಗೆ ಗೊತ್ತಿರಬೇಕು. ಗುಪ್ತಾಂಗಗಳಿಗೆ ನೇರ ಹೆಸರೂ ಗೊತ್ತಿರಬೇಕು. "ಅಲ್ಲಿ", "ಶೇಮ್ ಶೇಮ್" ಎಂದಷ್ಟೇ ಕಲಿತ ಮಗು ಎಲ್ಲಿ ಮುಟ್ಟಿದರು ಎಂದು ಟೀಚರಿಗಾಗಲಿ ಪೊಲೀಸರಿಗಾಗಲಿ ಹೇಗೆ ತಿಳಿಸೀತು?

ಮಗು ಇಂಥದ್ದೇನಾದರೂ ಹೇಳಿದರೆ ಮೊದಲು ನಂಬಿ, ಪೂರ್ತಿ ಕೇಳಿಸಿಕೊಳ್ಳಿ. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಉಚಿತ. ವಿಷಯ ತಿಳಿದೂ ಪೊಲೀಸರಿಗೆ ತಿಳಿಸದೆ ಮುಚ್ಚಿಟ್ಟರೆ ಪೋಕ್ಸೊ ಕಾಯ್ದೆಯಡಿ ಅದೂ ಅಪರಾಧ. ಶಾಲೆಯ ಮುಖ್ಯಸ್ಥರಿಗೂ ಇದು ಅನ್ವಯಿಸುತ್ತದೆ.